ಚುರುಕ್ಕೆಂದರೆ ನೆರಳಿಗೆ

ನಮ್ಮ ಅತ್ತೆ ಪಾರ್ವತೆಮ್ಮನವರ ಎಡಗಾಲಿನ ಮೂರು ಬೆರಳು ಹೋದದ್ದು ನನ್ನಿಂದ. ದೇವದುರ್ಗದಲ್ಲಿ ಯಾರನ್ನು ಕೇಳಿದರೂ ಹೀಗೆ ಹೇಳುವುದಿಲ್ಲ. ಡಾಕ್ಟರರ ಬಣ್ಣದ ಔಷಧಿ ಸುಟ್ಟಿತು ಎನ್ನುತ್ತಾರೆ, ದೊಡ್ಡ ಜಡ್ಡು ತಿಂದಿತು ಎನ್ನುತ್ತಾರೆ, ಹೇಳಿದ ಮಾತು ಕೇಳದೆ ಬಿಸಿಲಲ್ಲಿ ಮಲಗಿದಳು ಎನ್ನುವವರೂ ಇದ್ದಾರೆ. ನನ್ನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಬರದ ಹಾಗೆ ನೋಡಿಕೊಂಡವರು ಇಬ್ಬರು, ನಾನು ಮತ್ತು ಅದೇ ಅತ್ತೆ.

ಇದು ಎಪ್ಪತ್ತೆಂಟನೇ ಇಸವಿಯ ಬೇಸಿಗೆಯ ಮಾತು. ಆಗ ನಾನು ರಾಯಚೂರಿನ ಒಂದು ಸರ್ಕಾರಿ ಚರ್ಮರೋಗದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಹೆಸರು ತಾಯಣ್ಣ. ನಮ್ಮಪ್ಪ ಮಾನ್ವಿ ಕಡೆಯ ಗದ್ದೆಗಳಲ್ಲಿ ಕೂಲಿ ಮಾಡಿ ಬದುಕಿದವನು, ನಮ್ಮ ಕೇರಿಯಲ್ಲಿ ಮೆಟ್ರಿಕ್ ಪಾಸಾದವನು ನಾನೊಬ್ಬನೇ. ದವಾಖಾನೆಯ ಬಿಳಿ ಕೋಟನ್ನು ಅಲ್ಲೇ ಕಳಚಿಡಬೇಕಿತ್ತು, ನಾನು ಮನೆಗೂ ತೊಟ್ಟುಕೊಂಡು ಹೋಗುತ್ತಿದ್ದೆ. ಬಸ್‌ಸ್ಟ್ಯಾಂಡಿನ ಮುಂದೆ ನಮ್ಮೂರ ಕಡೆಯವರು ಯಾರಾದರೂ ನೋಡಲಿ ಎಂದು ನಡಿಗೆ ನಿಧಾನ ಮಾಡುತ್ತಿದ್ದೆ. ಹೇಳುವುದಕ್ಕೇ ನಾಚಿಕೆ. ಆದರೆ ಇದನ್ನು ಮುಚ್ಚಿಟ್ಟರೆ ಮುಂದಿನದು ಯಾಕಾಯಿತು ಎಂದು ತಿಳಿಯುವುದಿಲ್ಲ.

ಡಾಕ್ಟರು ಯಂಕೋಬರಾಯರು. ತಲೆ ಬಾಚುವುದನ್ನು ಮರೆಯುವ, ಊಟ ಮರೆಯುವ, ಆದರೆ ಒಮ್ಮೆ ನೋಡಿದ ಹುಣ್ಣನ್ನು ಮರೆಯದ ಮನುಷ್ಯ. ನಮ್ಮಲ್ಲಿಗೆ ಬರುವವರಲ್ಲಿ ಅರ್ಧ ಮಂದಿ ಕಾಲಿನ ಹುಣ್ಣಿನವರು. ಜಾಲಿಮುಳ್ಳು ಚುಚ್ಚಿದ್ದು, ಕುಡಗೋಲು ತಾಗಿದ್ದು, ನಾರುಹುಳು ಹೊರಬಿದ್ದ ಜಾಗ ಕೀವಾದದ್ದು. ಎಷ್ಟು ಮುಲಾಮು ಹಚ್ಚಿದರೂ ಆರು ತಿಂಗಳು, ವರ್ಷ, ಹಾಗೇ ಬಾಯಿ ತೆರೆದುಕೊಂಡಿರುತ್ತಿದ್ದವು. ಕೆಲವು ಬಣ್ಣಗಳು ಕತ್ತಲಲ್ಲಿ ಬರೀ ಬಣ್ಣ, ಬೆಳಕು ಬಿದ್ದರೆ ಮಾತ್ರ ಔಷಧಿ ಎಂದು ರಾಯರು ಎಲ್ಲೋ ಓದಿದ್ದರು. ಸೂಕ್ಷ್ಮದರ್ಶಕದ ಕೆಳಗೆ ಕ್ರಿಮಿ ಕಾಣಲಿ ಎಂದು ಹಾಕುವ ನೀಲಿ ಇದೆಯಲ್ಲ, ಬಿಸಿಲು ತಾಗಿದರೆ ಅದೇ ನೀಲಿ ಆ ಕ್ರಿಮಿಯನ್ನು ಕೊಲ್ಲುತ್ತದಂತೆ. ರಾಯಚೂರಿನಲ್ಲಿ ಬಿಸಿಲಿಗೇನು ಬರ ಎಂದು ನಗುತ್ತಲೇ ಅವರು ಆ ಕೆಲಸಕ್ಕೆ ಕೈಹಾಕಿದರು.

ತೊಡಕಾದದ್ದು ಬಣ್ಣವನ್ನು ಹುಣ್ಣಿನ ಮೇಲೆ ನಿಲ್ಲಿಸುವುದು. ನೀರಲ್ಲಿ ಕಲಸಿ ಹಾಕಿದರೆ ಹರಿದುಹೋಗಿ ಹಿಮ್ಮಡಿಯೆಲ್ಲ ನೀಲಿ. ಬಟ್ಟೆಯಲ್ಲಿ ನೆನೆಸಿ ಕಟ್ಟಿದರೆ ಬಿಸಿಲು ಒಳಗಿಳಿಯುವುದಿಲ್ಲ. ಮುಲಾಮಿನಲ್ಲಿ ಬೆರೆಸಿದರೆ ಮುಲಾಮು ಬಣ್ಣವನ್ನು ತಾನೇ ಇಟ್ಟುಕೊಂಡು ಹುಣ್ಣಿಗೆ ಬಿಟ್ಟುಕೊಡುವುದಿಲ್ಲ. ಒದ್ದೆಯಾಗಿರಬೇಕು, ಬೆಳಕು ದಾಟಬೇಕು, ಬಣ್ಣವನ್ನು ಸ್ವಲ್ಪ ಸ್ವಲ್ಪವೇ ಬಿಡಬೇಕು, ಅಂಥದ್ದೇನಿದೆ ಎಂದು ರಾಯರು ತಿಂಗಳುಗಟ್ಟಲೆ ತಲೆ ಕೆರೆದುಕೊಂಡರು.

ಹಿಂದಿನ ವರ್ಷದ ರಮಜಾನಿನಲ್ಲಿ ದವಾಖಾನೆಯ ಆಯಾ ನೂರ್ ಬೀ ನಮಗೆಲ್ಲ ಒಂದು ಡಬ್ಬಿ ಚೈನಾ ಗ್ರಾಸ್ ತಂದಿದ್ದಳು. ಸಮುದ್ರದ ಪಾಚಿಯಿಂದ ತೆಗೆದ ಬಿಳಿ ಎಳೆ ಅದು, ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಸಕ್ಕರೆ ಹಾಕಿ ಕುದಿಸಿ ಆರಿಸಿದರೆ ತಟ್ಟೆಯಲ್ಲಿ ನಡುಗುವ ಸಿಹಿಯಾಗುತ್ತದೆ. ರಾಯರು ಒಂದು ತುಂಡನ್ನು ಬಾಯಿಗಿಡುವ ಬದಲು ಕಿಟಕಿಯ ಬೆಳಕಿಗೆ ಹಿಡಿದರು. ಆಚೆಯ ಬೇವಿನ ಮರ ಅದರೊಳಗಿಂದ ಕಂಡಿತು. ಮರುದಿನದಿಂದ ಸಕ್ಕರೆಯಿಲ್ಲದ ಚೈನಾ ಗ್ರಾಸ್ ಕುದಿಸುವ ಕೆಲಸ ನನ್ನ ಪಾಲಿಗೆ ಬಂತು.

ಮೊದಮೊದಲು ಬಣ್ಣ ಒಳಗಿಳಿಯದೆ ಮೇಲಷ್ಟೇ ನಿಂತಿತು. ಒಂದು ದಿನ ದವಾಖಾನೆಯ ಫ್ರಿಜ್ ಕೆಟ್ಟಿತು. ನಾನು ತಟ್ಟೆಯನ್ನು ಐಸ್‌ಕ್ಯಾಂಡಿ ಮಾರುವ ಖಾಜಾನ ಪೆಟ್ಟಿಗೆಯಲ್ಲಿ ಇಟ್ಟುಬಂದೆ. ಬೆಳಿಗ್ಗೆ ನೋಡಿದರೆ ಕಲ್ಲಾಗಿತ್ತು. ಹೊರಗಿಟ್ಟ ಮೇಲೆ ಕರಗಿ ನೀರೆಲ್ಲ ಸೋರಿ, ಉಳಿದದ್ದು ದೋಸೆಯ ಹಾಗೆ ಮೈತುಂಬ ತೂತಿನ ಹಾಳೆ. ಕೆಟ್ಟುಹೋಯಿತು, ಚೆಲ್ಲು ಎಂದಳು ನೂರ್ ಬೀ. ಚೆಲ್ಲುವ ಮುಂಚೆ ಸುಮ್ಮನೆ ನೀಲಿಯಲ್ಲಿ ಅದ್ದಿದೆ. ಕುಡಿದುಬಿಟ್ಟಿತು. ಒದ್ದೆ ಬಟ್ಟೆಯ ಮೇಲಿಟ್ಟರೆ ಕುಡಿದದ್ದನ್ನು ನಿಧಾನಕ್ಕೆ ಬಿಟ್ಟುಕೊಟ್ಟಿತು. ರಾಯರು ಬೆನ್ನು ತಟ್ಟಿ, ಇದು ನಿನ್ನ ಕೆಲಸ ತಾಯಣ್ಣ, ಬರೆಯುವಾಗ ನನ್ನ ಹೆಸರಿನ ಪಕ್ಕದಲ್ಲಿ ನಿನ್ನ ಹೆಸರನ್ನೂ ಹಾಕುತ್ತೇನೆ ಎಂದರು.

ಆ ಮಾತು ನೆತ್ತಿಗೇರಿತು. ಅಚ್ಚಾದ ಕಾಗದದ ಮೇಲೆ ನನ್ನ ಹೆಸರು ಹೇಗೆ ಕಂಡೀತು ಎಂದು ಔಷಧಿ ಚೀಟಿಗಳ ಹಿಂದೆ ಬರೆದು ಬರೆದು ನೋಡುತ್ತಿದ್ದೆ.

ರೋಗಿಗಳಿಗೆ ಕೊಡಲು ಶುರುಮಾಡಿದಾಗ ರಾಯರು ಎರಡು ಕಟ್ಟಳೆ ಮಾಡಿದರು. ಒಂದು ಬಿಸಿಲಿನದು. ನೀಲಿ ಕುಡಿದ ತುಂಡನ್ನು ಹುಣ್ಣಿನ ಮೇಲಿಟ್ಟು ಬೆಳಗಿನ ಬಿಸಿಲಿಗೆ ಕಾಲು ಚಾಚಬೇಕು. ಎಷ್ಟು ಹೊತ್ತು? ನಮ್ಮ ರೋಗಿಗಳಲ್ಲಿ ಗಡಿಯಾರ ಇದ್ದವರು ಯಾರು? ಅದೂ ಅಲ್ಲದೆ ಒಬ್ಬರ ಚರ್ಮದ ಹಾಗೆ ಇನ್ನೊಬ್ಬರದಿಲ್ಲ. ಸಾಕು ಎನ್ನುವುದನ್ನು ಹುಣ್ಣೇ ಹೇಳುತ್ತದೆ ಎಂದರು ರಾಯರು. ಹಾಗಾಗಿ ನಾನು ಪ್ರತಿಯೊಬ್ಬರಿಗೂ ಒಂದೇ ಮಾತು ಹೇಳಿ ಕಳಿಸುತ್ತಿದ್ದೆ: ಚುರುಕ್ ಅಂದ ಕೂಡಲೇ ನೆರಳಿಗೆ ಬನ್ನಿ.

ಎರಡನೆಯ ಕಟ್ಟಳೆ ಮೊದಲನೆಯದಕ್ಕೆ ಕಾವಲು. ಚುರುಕ್ ಅನ್ನುವುದು ತಿಳಿಯದವರಿಗೆ ಈ ಔಷಧಿ ಕೊಡಕೂಡದು. ದೊಡ್ಡ ಜಡ್ಡು ಎಂದು ನಮ್ಮ ಕಡೆ ಕರೆಯುವ ಕುಷ್ಠದಲ್ಲಿ ಕಾಲು ಜೋಮು ಹಿಡಿದು ಸತ್ತಂತಾಗಿರುತ್ತದೆ, ಕೆಂಡ ತುಳಿದರೂ ಗೊತ್ತಾಗುವುದಿಲ್ಲ. ಆದ್ದರಿಂದ ಔಷಧಿ ಕೊಡುವ ಮುಂಚೆ ರೋಗಿಯ ಕಣ್ಣು ಮುಚ್ಚಿಸಿ, ಹತ್ತಿಯ ತುದಿಯಿಂದ ಹುಣ್ಣಿನ ಸುತ್ತ ಅಲ್ಲಲ್ಲಿ ಮುಟ್ಟಬೇಕು. ಮುಟ್ಟಿದ ಜಾಗವನ್ನು ರೋಗಿ ಬೆರಳಿಟ್ಟು ತೋರಿಸಬೇಕು. ತೋರಿಸಲಾರದವರನ್ನು ಬೇರೆ ಔಷಧಿಗೆ ಕಳಿಸಬೇಕು. ನೀನೇ ಮುಟ್ಟಬೇಕು, ಬೇರೆಯವರ ಮಾತಿನ ಮೇಲೆ ಬರೆಯಬೇಡ ಎಂದು ರಾಯರು ನನಗೆ ಎರಡು ಸಲ ಹೇಳಿದ್ದರು. ಫಾರಮಿನಲ್ಲಿ ಅದಕ್ಕೊಂದು ಸಾಲು, ಸಾಲಿನ ಕೊನೆಗೆ ನನ್ನ ಸಹಿ.

ಒಂಬತ್ತು ಜನರ ಹುಣ್ಣು ಮುಚ್ಚಿತು. ಸುಳ್ಳಲ್ಲ, ಕಣ್ಣಾರೆ ಕಂಡದ್ದು. ಜೂನಿನಲ್ಲಿ ಹುಬ್ಬಳ್ಳಿಯಲ್ಲಿ ಡಾಕ್ಟರುಗಳ ಸಭೆಯಿತ್ತು, ಅಲ್ಲಿ ಓದಲು ಹತ್ತು ಕೇಸು ಪೂರ್ತಿಯಾಗಬೇಕು ಎಂದು ರಾಯರ ಹಟ. ಏಪ್ರಿಲ್ ಮುಗಿಯುತ್ತ ಬಂದರೂ ಹತ್ತನೆಯದು ಸಿಕ್ಕಿರಲಿಲ್ಲ. ಆಗಲೇ ನನ್ನ ಹೆಂಡತಿ ಅಮರಮ್ಮ ತನ್ನ ತಾಯಿಯನ್ನು ದೇವದುರ್ಗದಿಂದ ಕರೆತಂದಳು.

ಪಾರ್ವತೆಮ್ಮ ನನಗೆ ಬರೀ ಹೆಣ್ಣು ಕೊಟ್ಟ ಅತ್ತೆಯಲ್ಲ, ನಮ್ಮ ಸೋದರಮಾವನ ಹೆಂಡತಿ. ನಾನು ಸಣ್ಣವನಿದ್ದಾಗ ನನ್ನ ಮೂಗು ಒರೆಸಿದವರು, ಎಣ್ಣೆ ತಿಕ್ಕಿ ಎರೆದವರು, ಹಟ ಮಾಡಿದರೆ ಬೆನ್ನಿಗೊಂದು ಕೊಟ್ಟವರು. ಅವರ ಮಗಳಿಗೆ ನಾನು ತಾಳಿ ಕಟ್ಟಿದ ದಿನದಿಂದ ಬಾಗಿಲ ಹಿಂದಕ್ಕೆ ಸರಿದರು. ನಮ್ಮ ಮಂದಿಯಲ್ಲಿ ಹಾಗೇ. ಅಳಿಯನ ಎದುರು ಅತ್ತೆ ಕೂರುವುದಿಲ್ಲ, ನೇರ ಮಾತಾಡುವುದಿಲ್ಲ, ಏನಿದ್ದರೂ ಮಗಳ ಮೂಲಕ. ಅಳಿಯನ ಕೈ ಅತ್ತೆಯ ಕಾಲಿಗೆ ತಾಗುವುದಂತೂ ದೊಡ್ಡ ತಪ್ಪು.

ಅಂಗಾಲಿನ ಹುಣ್ಣಿಗೆ ಆಗಲೇ ಆರು ತಿಂಗಳು. ಜಾಲಿಮುಳ್ಳು ಮುರಿದು ಒಳಗುಳಿದಿತ್ತಂತೆ. ಎರಡು ದಿನ ಅದನ್ನಿಟ್ಟುಕೊಂಡೇ ತಿರುಗಾಡಿದ್ದಾರೆ, ಚಪ್ಪಲಿಯಲ್ಲಿ ರಕ್ತ ಕಂಡು ಅಮರಮ್ಮನೇ ಕೇಳಿ ತೆಗೆದದ್ದು. ಅರ್ಧ ಬೆರಳಿನಷ್ಟು ಉದ್ದವಿತ್ತು ಎಂದು ಅವಳು ನನಗೆ ತೋರಿಸಿ ಹೇಳಿದಳು. ದಿನವಿಡೀ ಚರ್ಮರೋಗದ ದವಾಖಾನೆಯಲ್ಲಿ ಕೂರುವವನು ನಾನು. ಅರ್ಧ ಬೆರಳಿನ ಮುಳ್ಳು ಅಂಗಾಲಲ್ಲಿಟ್ಟುಕೊಂಡು ಎರಡು ದಿನ ನಡೆದಾಡುವ ಕಾಲು ಎಂಥದ್ದು ಎಂದು ನನಗೆ ಹೊಳೆಯಲಿಲ್ಲ ಎಂದರೆ ಯಾರೂ ನಂಬಬಾರದು. ಹೊಳೆಯಿತು. ಹೊಳೆದದ್ದನ್ನು ಬದಿಗೆ ತಳ್ಳಿದೆ.

ದವಾಖಾನೆಗೆ ಬಂದು ಗಂಡಸರ ಮುಂದೆ ಕಾಲು ಚಾಚುವುದಿಲ್ಲ ಎಂದು ಅತ್ತೆ ಮಗಳ ಮೂಲಕ ಹೇಳಿಸಿದರು. ನೂರ್ ಬೀಯನ್ನು ಮನೆಗೆ ಕರೆಯಬಹುದಿತ್ತು. ರಾಯರಿಗೆ ಹೇಳಿದ್ದರೆ ತಾವೇ ಬಂದು ನೋಡುತ್ತಿದ್ದರು, ಅವರ ಮುಂದೆ ಅತ್ತೆ ಇಲ್ಲವೆನ್ನುತ್ತಿರಲಿಲ್ಲ. ಎರಡನ್ನೂ ಮಾಡಲಿಲ್ಲ. ಪರೀಕ್ಷೆಯನ್ನು ಅಮರಮ್ಮನ ಕೈಯಿಂದ ಮಾಡಿಸಿದೆ.

ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ನಡುವಿನ ಬಾಗಿಲಿಗೆ ಹಳೆಯ ಸೀರೆಯ ಪರದೆ. ಪರದೆಯಾಚೆ ತಾಯಿ ಮಗಳು, ಈಚೆ ಸ್ಟೂಲಿನ ಮೇಲೆ ಫಾರಮು ಹಿಡಿದು ನಾನು. ಬೆರಳಿಟ್ಟು ತೋರಿಸುವುದು ನನಗೆ ಕಾಣುವಂತಿರಲಿಲ್ಲವಲ್ಲ, ಅದಕ್ಕೆ ಕಟ್ಟಳೆಯನ್ನು ನನಗೆ ಬೇಕಾದಂತೆ ತಿರುಚಿದೆ. ಎಷ್ಟು ಸಲ ಮುಟ್ಟಿದ್ದೀ ಎಂದು ನಿಮ್ಮವ್ವ ಎಣಿಸಿ ಹೇಳಲಿ, ಸಾಕು ಎಂದೆ.

ಅಮರಮ್ಮ ಮುಟ್ಟಿದಳು. ಅವಳ ಕೈಗಳ ತುಂಬ ಹಸಿರು ಗಾಜಿನ ಬಳೆ. ಒಂದೊಂದು ಸಲ ಕೈ ಮುಂದೆ ಹೋದಾಗಲೂ ಗಿಲ್ ಎಂದವು. ಮೂರು ಸಲ ಗಿಲ್ ಎಂದಿತು, ಮೂರು ಎಂದರು ಅತ್ತೆ. ಎರಡು ಸಲ, ಎರಡು. ನಾಲ್ಕು ಸಲ, ನಾಲ್ಕು. ಪರದೆಯ ಈಚೆ ಕೂತು ಅವರ ಕಾಲು ಮುಟ್ಟದೆಯೇ ನಾನೂ ಅಷ್ಟೇ ಎಣಿಸಿದೆ. ಒಂದು ಸಲವೂ ತಪ್ಪಲಿಲ್ಲ.

ಆಮೇಲೆ ಒಂದು ಸಲ ಸಪ್ಪಳವಾಗಲಿಲ್ಲ. ಬಹುಶಃ ಅವಳು ಮೊಣಕೈ ನೆಲಕ್ಕೂರಿ ಬೆರಳಷ್ಟೇ ಆಡಿಸಿದ್ದಳು. ಒಳಗೆ ಮಾತೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಮರಮ್ಮನ ದನಿ ಕೇಳಿತು.

"ಯವ್ವಾ, ಮುಟ್ಟೀನಲ್ಲ."

"ಹಾಂ, ಒಂದು," ಎಂದರು ಅತ್ತೆ.

ನನ್ನ ಪೆನ್ನು ಫಾರಮಿನ ಮೇಲೆ ನಿಂತಿತ್ತು. ಬಳೆ ತೆಗೆದಿಟ್ಟು ಇನ್ನೊಮ್ಮೆ ಮುಟ್ಟು ಎನ್ನಬೇಕು ಎಂದು ಬಾಯಿಗೆ ಬಂತು. ಗಂಡ ತಾನೇ ಹೆಂಡತಿಗೆ ಬಳೆ ತೆಗಿ ಎನ್ನುವುದುಂಟೇ, ನನ್ನ ಬಾಯಿಂದ ನನ್ನ ಸಾವನ್ನು ಕರೆದಂತಾಗುತ್ತದೆ ಎಂದು ನುಂಗಿಕೊಂಡೆ. ಎಷ್ಟೋ ವರ್ಷ ಈ ನೆವವನ್ನೇ ಹಿಡಿದುಕೊಂಡು ಕೂತಿದ್ದೆ. ಬಳೆಯ ಮೇಲೆ ಒಂದು ಬಟ್ಟೆ ಸುತ್ತಿಕೊ ಎಂದಿದ್ದರೆ ಆಗುತ್ತಿತ್ತು. ಅಷ್ಟು ಸಣ್ಣ ಉಪಾಯ ಕಂಪೌಂಡರನಿಗೆ ಹೊಳೆಯದೆ ಹೋಗುತ್ತದೆಯೇ? ಇನ್ನೊಮ್ಮೆ ಮುಟ್ಟಿಸಿದರೆ ಏನು ಗೊತ್ತಾಗುತ್ತದೆ ಎಂಬ ಹೆದರಿಕೆ ನನ್ನದು. ಗೊತ್ತಾದರೆ ಹತ್ತನೆಯ ಕೇಸು ಹೋಯಿತು. ದೊಡ್ಡ ಜಡ್ಡಿನ ಮನೆಯ ಅಳಿಯ ಎಂಬ ಹೆಸರು ಬಂತು. ಸ್ಪರ್ಶ ಸರಿಯಿದೆ ಎಂದು ಬರೆದೆ, ಸಹಿ ಹಾಕಿದೆ. ಸಹಿ ಚೆನ್ನಾಗಿಯೇ ಬಂತು.

ಫಾರಮು ನೋಡಿದ ರಾಯರು ಹಿಗ್ಗಿದರು. ಇನ್ನು ಬರೀ ಬಿಸಿಲಿಗೆ ಕೂರುವುದಾದರೆ ದವಾಖಾನೆಗೆ ಬರುತ್ತೇನೆ ಎಂದು ಅತ್ತೆಯೂ ಒಪ್ಪಿದರು. ಹಿತ್ತಿಲಲ್ಲಿ ಹೆಂಗಸರು ಸಾಲಾಗಿ ಕೂರುವ ಬೆಂಚಿತ್ತು, ಅಲ್ಲಿ ಹತ್ತು ದಿನ ಕೂತರು. ಪಕ್ಕದಲ್ಲಿ ಸಿರವಾರದ ಹಣಮಮ್ಮ ಎಂಬ ಹೆಂಗಸು, ಆ ಒಂಬತ್ತು ಜನರಲ್ಲಿ ಕೊನೆಯವಳು, ಕುಡಗೋಲಿನ ಗಾಯ ಮುಚ್ಚಿದ್ದರೂ ಗಟ್ಟಿಯಾಗಲೆಂದು ಇನ್ನೂ ಬರುತ್ತಿದ್ದವಳು. ಅವಳು ಹಲ್ಲು ಕಚ್ಚಿ ಕಾಲೆಳೆದುಕೊಂಡಾಗ ಅತ್ತೆಯೂ ಎಳೆದುಕೊಳ್ಳುತ್ತಿದ್ದರು. ನಾನು ಔಷಧಿ ಕೊಡುವ ಕಿಂಡಿಯಿಂದ ನೋಡುತ್ತಿದ್ದೆ. ಒಂದು ದಿನವೂ ಇವರು ಮೊದಲು ಎಳೆದುಕೊಂಡದ್ದಿಲ್ಲ. ಅದನ್ನೂ ನೋಡಿದೆ, ನೋಡಿ ಬೇರೆ ಕಡೆ ತಿರುಗಿದೆ. ಹುಣ್ಣಿನ ಅಂಚು ಕೆಂಪಗಾಗುತ್ತಿದೆ, ವಾಸಿಯಾಗುತ್ತಿದೆ ಎಂದು ಅಮರಮ್ಮ ಹೇಳಿದಾಗ ಎದೆ ಹಗುರವಾಯಿತು. ಎಲ್ಲ ಸರಿಹೋದರೆ ನಾನು ಬರೆದದ್ದೂ ಸರಿಯಾದಂತೆ ಎಂದುಕೊಂಡೆ.

ಹನ್ನೊಂದನೆಯ ದಿನ ಅತ್ತೆ ಊರಿಗೆ ಹೊರಟು ನಿಂತರು. ಅಳಿಯನ ಮನೆಯಲ್ಲಿ ಎಷ್ಟು ದಿನ ಉಣ್ಣುವುದು, ನೋಡಿದವರು ಏನಂದಾರು ಎಂಬ ಸಂಕೋಚ. ತಡೆಯಬೇಕಾದವನು ನಾನು. ಬದಲಿಗೆ ಕುದಿಸಿದ ಬಾಟಲಿಯಲ್ಲಿ ಹನ್ನೆರಡು ತುಂಡು ಹಾಕಿ, ಬೆಳಕು ತಾಗದಂತೆ ಎಕ್ಸ್‌ರೇ ಫಿಲ್ಮಿನ ಕರಿ ಕಾಗದ ಸುತ್ತಿ ಕೊಟ್ಟೆ. ಚುರುಕ್ ಅಂದ ಕೂಡಲೇ ನೆರಳಿಗೆ ಬರಬೇಕಂತ ಹೇಳು ಎಂದು ಅಮರಮ್ಮನಿಗೆ ಹೇಳಿದೆ. ಆಗಲಿ ಅಂತ ಹೇಳು ಎಂದು ಒಳಗಿನಿಂದ ಉತ್ತರ ಬಂತು.

ಆರನೆಯ ದಿನ ದೇವದುರ್ಗದಿಂದ ಮೊದಲ ಬಸ್ಸಿಗೆ ಅವರ ಪಕ್ಕದ ಮನೆಯ ವೆಂಕಣ್ಣ ಬಂದ. ದವಾಖಾನೆಯ ಮೆಟ್ಟಿಲ ಮೇಲೆ ನಿಂತು, ನಿಮ್ಮ ಅತ್ತೆಯ ಕಾಲು ಕರ್ರಗಾಗಿದೆ, ಬಾವು ಮೊಣಕಾಲಿಗೆ ಏರಿದೆ, ಮೈ ಸುಡುತ್ತಿದೆ ಎಂದ. ನಾನೂ ಅಮರಮ್ಮನೂ ಅವನ ಜೊತೆಯಲ್ಲೇ ಹೊರಟೆವು. ದಾರಿಯುದ್ದಕ್ಕೂ ಅವಳು ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆನೋ ಏನೋ.

ಅತ್ತೆಯ ಕಾಲನ್ನು ನಾನು ಮೊದಲ ಸಲ ನೋಡಿದ್ದು ಆವತ್ತು. ಪರದೆ ಸಂಕೋಚ ಎಲ್ಲ ಬಿಟ್ಟುಹೋಗಿತ್ತು, ಅವರಿಗೆ ಅರ್ಧ ಎಚ್ಚರ ಮಾತ್ರ. ಹುಣ್ಣು ಇದ್ದಲ್ಲಿ ಹುಣ್ಣಿರಲಿಲ್ಲ, ಅಂಗಾಲಿನಿಂದ ಬೆರಳುಗಳವರೆಗೆ ಚರ್ಮ ಬೆಂದು ಸುಲಿದಿತ್ತು. ನೀಲಿ ಕರಿಯಾಗಿತ್ತು. ಮನೆಯ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಅವರು ದಿನಾ ಕಾಲು ಚಾಚಿ ಕೂರುತ್ತಿದ್ದರಂತೆ. ಮೇ ತಿಂಗಳ ಬಿಸಿಲು, ಕಾದ ಕಲ್ಲು, ಮೇಲೆ ನನ್ನ ಔಷಧಿ. ಪಕ್ಕದಲ್ಲಿ ಕಾಲೆಳೆದುಕೊಳ್ಳಲು ಹಣಮಮ್ಮ ಇರಲಿಲ್ಲ. ಯಾಕವ್ವಾ ಅಷ್ಟು ಹೊತ್ತು ಕೂತಿ ಎಂದು ಅಮರಮ್ಮ ಅಳುತ್ತ ಕೇಳಿದಾಗ ಅವರು ಕಣ್ಣು ತೆರೆದರು.

"ಚುರುಕ್ ಅಂತದ ಅಂದಿದ್ರಲ್ಲ ನಿಮ್ಮವರು. ಯಾವಾಗ ಅಂತದೋ ಅಂತ ಕಾಯಾಕತ್ತಿದ್ದೆ. ಇವತ್ತ ಅಂದೀತು, ನಾಳಿ ಅಂದೀತು ಅಂತ. ಮಧ್ಯಾಹ್ನದ ತನಕ ಕುಂತರೂ ಅನಲಿಲ್ಲವ್ವಾ."

ಗಾಡಿ ತರಲು ನಾನು ಹೊರಗೆ ಹೋದೆ.

ರಾಯಚೂರಿನ ದೊಡ್ಡ ಆಸ್ಪತ್ರೆಗೆ ತಂದೆವು. ಜ್ವರ ಇಳಿಯಲು ನಾಲ್ಕು ದಿನ ಹಿಡಿಯಿತು, ಜೀವ ಉಳಿಸಲು ಮೂರು ಬೆರಳು ತೆಗೆದರು. ಅಲ್ಲಿಯ ಡಾಕ್ಟರು ಪರೀಕ್ಷೆ ಮಾಡಿ, ಮೊಣಕಾಲ ಕೆಳಗೆ ಸ್ಪರ್ಶವೇ ಇಲ್ಲ, ಜಡ್ಡು ಹಿಡಿದು ಎರಡು ಮೂರು ವರ್ಷವಾದರೂ ಆಗಿರಬೇಕು ಎಂದರು. ಅತ್ತೆಗೆ ಅದು ಮೊದಲೇ ಗೊತ್ತಿತ್ತು. ಒಲೆಯ ಕೆಂಡ ಕಾಲ ಮೇಲೆ ಬಿದ್ದು, ವಾಸನೆ ಬಂದ ಮೇಲೆ ನೋಡಿಕೊಂಡದ್ದು ಒಮ್ಮೆ ಆಗಿತ್ತಂತೆ. ಈ ಔಷಧಿಯಿಂದಲಾದರೂ ಕಾಲಿಗೆ ಜೀವ ತಿರುಗಿ ಬಂದು ಚುರುಕ್ ಅಂದೀತು ಎಂಬ ಆಸೆಯಲ್ಲಿ ಕೂತಿದ್ದರು. ಜೋಮಿನ ಮಾತನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಗೊತ್ತಾದರೆ ಅಳಿಯ ಮಗಳನ್ನು ತವರಿಗೆ ಕಳಿಸಿಬಿಟ್ಟಾನು ಎಂಬ ಹೆದರಿಕೆ. ಆ ಅಳಿಯ ನಾನು. ಅಂಥವನೆಂದು ಅವರಿಗೆ ಅನ್ನಿಸಿದ್ದರಲ್ಲಿ ತಪ್ಪೇನಿದೆ?

ಐದನೆಯ ದಿನ ಯಂಕೋಬರಾಯರು ಆ ಫಾರಮು ಹಿಡಿದುಕೊಂಡು ಆಸ್ಪತ್ರೆಗೆ ಬಂದರು. ಅವರ ಮುಖ ನೋಡಲಾಗಲಿಲ್ಲ. ಮಂಚದ ಆ ಕಡೆ ಅಮರಮ್ಮ, ಈ ಕಡೆ ನಾನು. ಅತ್ತೆ ಸೆರಗನ್ನು ಮುಖದ ಮೇಲೆಳೆದುಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದರು.

"ತಾಯಣ್ಣ, ಖರೇ ಹೇಳು," ಎಂದರು ರಾಯರು. "ಇದು ನೀನ ಮುಟ್ಟಿ ನೋಡಿ ಬರದದ್ದೇನು?"

ಬಾಯಿ ತೆರೆದೆ. ಏನು ಹೇಳಲು ತೆರೆದೆನೋ ಈಗಲೂ ನನಗೆ ಗೊತ್ತಿಲ್ಲ. ನನಗಿಂತ ಮೊದಲು ಸೆರಗಿನೊಳಗಿಂದ ಮಾತು ಬಂತು. ನನ್ನ ಮದುವೆಯಾದ ಮೇಲೆ ಅತ್ತೆ ನನ್ನೆದುರು ಬೇರೆ ಗಂಡಸಿನೊಂದಿಗೆ ಮಾತಾಡಿದ್ದು ಅದೇ ಮೊದಲು.

"ಅಳಿಯಾರ ಮುಟ್ಟಿ ನೋಡ್ಯಾರ್ರಿ. ಮೂರು ಸಲ ನೋಡ್ಯಾರ. ಆಗ ಗೊತ್ತಾಕ್ಕಿತ್ರಿ ನನಗ. ನಾನ ಬಿಸಲಾಗ ಮಲಗಿಬಿಟ್ಟೆ, ತಪ್ಪು ನಂದು."

ರಾಯರು ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಆ ತಗ್ಗಿಸಿದ್ದನ್ನು ಅವರು ದುಃಖ ಎಂದುಕೊಂಡರು. ಅದನ್ನೂ ನಾನು ತಿದ್ದಲಿಲ್ಲ. ಅವರು ಫಾರಮು ಮಡಿಸಿ ಜೇಬಿಗಿಟ್ಟುಕೊಂಡರು, ಅತ್ತೆಗೆ ಕೈಮುಗಿದು ಹೊರಟುಹೋದರು.

ರೋಗಿ ಪರೀಕ್ಷೆಯಲ್ಲಿ ಸರಿಯಿದ್ದಳು ಎಂದಮೇಲೆ ತಪ್ಪು ಔಷಧಿಯದೇ ಆಗಬೇಕಲ್ಲ. ಬಣ್ಣ ನರವನ್ನೇ ಸುಟ್ಟು ಸ್ಪರ್ಶ ತೆಗೆದಿರಬೇಕು, ಇದನ್ನು ಮನುಷ್ಯರ ಮೇಲೆ ಹಾಕಬಾರದಿತ್ತು ಎಂದು ಅವರು ತಮಗೆ ತಾವೇ ತೀರ್ಪು ಕೊಟ್ಟುಕೊಂಡರು. ಜಡ್ಡು ಹಳೆಯದೆಂದು ಆಸ್ಪತ್ರೆಯವರು ಹೇಳಿದರೂ ಫಾರಮಿನ ಮೇಲಿದ್ದ ನನ್ನ ಸಹಿಯನ್ನೇ ನಂಬಿದರು. ಹುಬ್ಬಳ್ಳಿಗೆ ಹೋಗಲಿಲ್ಲ. ಒಂದು ಬೆಳಿಗ್ಗೆ ಉಳಿದ ನೀಲಿಯನ್ನೆಲ್ಲ ತಾವೇ ಹಿತ್ತಿಲ ಮೋರಿಗೆ ಸುರಿದರು, ನಾನು ಪಕ್ಕದಲ್ಲಿ ಬಕೀಟು ಹಿಡಿದು ನಿಂತಿದ್ದೆ. ಒಂಬತ್ತು ಜನರನ್ನು ವಾಸಿಮಾಡಿದ ಔಷಧಿ ಅದು. ಅದರಲ್ಲಿ ಏನೂ ತಪ್ಪಿರಲಿಲ್ಲ ಎಂದು ಆ ಹಿತ್ತಿಲಲ್ಲಿ ತಿಳಿದಿದ್ದವನು ನಾನೊಬ್ಬನೇ. ಬಕೀಟು ತೊಳೆದಿಟ್ಟೆ. ಮಾರನೆಯ ವರ್ಷ ರಾಯರು ದವಾಖಾನೆ ಬಿಟ್ಟರು, ಎಲ್ಲಿದ್ದಾರೆಂದು ನಾನು ವಿಚಾರಿಸಲಿಲ್ಲ. ವಿಚಾರಿಸಿದರೆ ಕಾಗದ ಬರೆಯಬೇಕಾಗುತ್ತಿತ್ತು.

ಎಂಬತ್ತರಲ್ಲಿ ಕೇಳಿಕೊಂಡು ಮಾನ್ವಿಗೆ ವರ್ಗ ಮಾಡಿಸಿಕೊಂಡೆ. ಬಿಳಿ ಕೋಟನ್ನು ಆಸ್ಪತ್ರೆಯಲ್ಲೇ ಕಳಚಿಡುವುದನ್ನು ಕಲಿತೆ. ಅತ್ತೆಯನ್ನೂ ಕರೆತಂದು ಮನೆಯಲ್ಲಿಟ್ಟುಕೊಂಡೆವು, ಈಗ ಅವರು ಅಳಿಯನ ಮನೆಯಲ್ಲಿ ಎಷ್ಟು ದಿನ ಎಂದು ಲೆಕ್ಕ ಹಾಕುವ ಸ್ಥಿತಿಯಲ್ಲಿರಲಿಲ್ಲ. ಜಡ್ಡಿನ ಗುಳಿಗೆ ತಪ್ಪದೆ ನುಂಗುತ್ತಿದ್ದರು. ಸ್ಪರ್ಶ ಮಾತ್ರ ತಿರುಗಿ ಬರುವುದಲ್ಲ. ಕಾಲನ್ನು ದಿನಾ ತೊಳೆದು, ಎಲ್ಲಿ ಬಿರಿದಿದೆ, ಎಲ್ಲಿ ಕಲ್ಲೊತ್ತಿದೆ ಎಂದು ಕಣ್ಣಿಟ್ಟು ನೋಡಿ ಪಟ್ಟಿ ಕಟ್ಟಬೇಕಿತ್ತು. ಅಮರಮ್ಮನೇ ಮಾಡುತ್ತಿದ್ದಳು. ಬಳೆಯ ಸಪ್ಪಳ ಕೇಳಿ ಎಣಿಸಿದ ವಿಷಯವನ್ನು ತಾಯಿ ಅವಳಿಗೆ ಯಾವತ್ತೋ ಹೇಳಿಬಿಟ್ಟಿದ್ದರು. ಎರಡು ವರ್ಷ ಅವಳು ಆ ಮಾತು ಎತ್ತಲಿಲ್ಲ. ತನ್ನ ಕೈಯ ಬಳೆಯೇ ಅವ್ವನ ಬೆರಳು ತಿಂದಿತು ಎಂದು ಒಳಗೊಳಗೇ ಸೊರಗುತ್ತಿದ್ದಳು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಆ ಸಪ್ಪಳ ನನಗೂ ಕೇಳಿತ್ತು ಎಂದು ಹೇಳಿ ಅವಳ ಭಾರ ಇಳಿಸಲಿಲ್ಲ. ಇಷ್ಟು ಸಣ್ಣವನು ನಾನು.

ಒಂದು ಭಾನುವಾರ ಬೆಳಿಗ್ಗೆ ಅವಳು ಬಿಸಿನೀರಿನ ಬೋಗುಣಿ ತಂದು ನನ್ನ ಮುಂದೆ ಇಟ್ಟಳು.

"ಇನ್ನ ನೀವು ಮಾಡ್ರಿ," ಎಂದಳು. "ಅವತ್ತ ಪರದಿ ಈಚಿ ಕುಂತು ನೀವೂ ಕೇಳೀರಿ. ಕೇಳಿಲ್ಲ ಅನಬ್ಯಾಡ್ರಿ."

ಅನ್ನಲಿಲ್ಲ. ಬೋಗುಣಿ ಎತ್ತಿಕೊಂಡು ಹೊರಗೆ ಬಂದೆ.

ಅತ್ತೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಅಳಿಯನೇ ಕಾಲು ತೊಳೆಯಲು ಬಂದದ್ದು ಕಂಡು ಸೆರಗೆಳೆದುಕೊಂಡು ಬ್ಯಾಡ ಅನ್ನು, ಬ್ಯಾಡ ಅನ್ನು ಎಂದು ಮಗಳಿಗೆ ಹೇಳಿದರು. ಮಗಳು ಬಾಗಿಲಲ್ಲಿ ನಿಂತು, ಮಾಡಲಿ ಬಿಡವ್ವಾ ಎಂದಳು. ಅವರು ಮುಖವನ್ನು ಬೀದಿಯ ಕಡೆ ತಿರುಗಿಸಿಕೊಂಡು ಕಾಲು ಬಿಟ್ಟರು. ಎದುರು ಮನೆಯ ಕುಬ್ರಾ ಬೇಗಂ ಬಾಗಿಲಿಗೆ ಬಂದು ಮಾತಿಗೆಳೆದಳು. ಅಕ್ಕಿ ಮಿಲ್ಲಿನ ಹೊಟ್ಟು ಹಾರಿ ಬಂದು ಒಗೆದ ಬಟ್ಟೆಗೆಲ್ಲ ಕೂರುತ್ತದೆ ಎಂದು ಇಬ್ಬರೂ ಬೈದುಕೊಳ್ಳತೊಡಗಿದರು.

ಕಾಲು ತೊಳೆದೆ. ಬೆರಳು ಹೋದ ಜಾಗ ನುಣ್ಣಗಿತ್ತು. ಬಿರುಕಿಗೆ ಎಣ್ಣೆ ಹಚ್ಚಿ ಪಟ್ಟಿ ಕಟ್ಟಿದೆ. ಕೆಲಸ ಅಲ್ಲಿಗೆ ಮುಗಿದಿತ್ತು, ಏಳಬೇಕಿತ್ತು. ಏಳಲಾಗಲಿಲ್ಲ. ಎರಡೂ ಕೈಯಿಂದ ಆ ಪಾದವನ್ನು ಹಿಡಿದುಕೊಂಡೆ, ಹಣೆ ತಂದು ಅದರ ಮೇಲಿಟ್ಟೆ. ತಪ್ಪಾಯಿತು ಅತ್ತೀ ಎಂದು ಮನಸ್ಸಿನಲ್ಲೇ ಅಂದೆ. ಬಾಯಿಬಿಟ್ಟು ಹೇಳುವ ಧೈರ್ಯ ಆಗಲೂ ಬರಲಿಲ್ಲ. ಕಣ್ಣೀರು ಪಟ್ಟಿಗೆ ಇಳಿದು ಒದ್ದೆಯಾಯಿತು. ಅವರು ಇನ್ನೂ ಬೀದಿಯ ಕಡೆಗೇ ನೋಡುತ್ತ ಹೊಟ್ಟಿನ ಮಾತಾಡುತ್ತಿದ್ದರು. ಪಾದದ ಮೇಲೆ ಏನಿದೆ ಎಂದು ಅವರಿಗೆ ಗೊತ್ತೇ ಆಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ, ತಿರುಗದೆಯೇ, ಮಗಳಿಗೆ ಕೇಳಿದರು.

"ಅಮರೀ, ಮುಗೀತೇನಂತ ಕೇಳು ನಿಮ್ಮವರಿಗೆ. ಬಿಸಲು ಬಂತು, ಒಳಗ ಬರ್ತೀನಿ."

ಅಮರಮ್ಮ ಬಾಗಿಲಲ್ಲೇ ನಿಂತು ನನ್ನನ್ನು ನೋಡುತ್ತಿದ್ದಳು.

"ಇಲ್ಲವ್ವಾ," ಎಂದಳು. "ಇನ್ನಾ ಮುಗದಿಲ್ಲ."